ಬಿಸಿನೀರಿನ ಹೊಲದೂರಿನಲ್ಲಿ ಒಂದು ರಾತ್ರಿ

ಬಿಳಿಚೋಡಿನ ನಮ್ಮ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇದೆ. ನಮ್ಮ ಅತ್ತೆಯವರ ಕಾಲದ್ದು. ತೊಗರಿಕಟ್ಟಿಗೆ, ತೆಂಗಿನ ಮಟ್ಟೆ ಒಟ್ಟಿ ಉರಿ ಹಾಕುವುದು ನಾನು. ಮೊದಲ ನೀರು ಮಾವನವರಿಗೆ, ಆಮೇಲೆ ನಮ್ಮ ಯಜಮಾನರಿಗೆ, ಮೈದುನಂದಿರಿಗೆ, ಮಕ್ಕಳಿಗೆ. ನನ್ನ ಸರದಿ ಬರುವ ಹೊತ್ತಿಗೆ ಹಂಡೆಯ ತಳದಲ್ಲಿ ಎರಡು ತಂಬಿಗೆ ಉಗುರುಬೆಚ್ಚಗಿನ ನೀರು. ಇದೇನು ದೊಡ್ಡ ವಿಷಯವೆಂದು ಹೇಳುತ್ತೀಯಮ್ಮ ಎನ್ನುತ್ತೀರಿ, ಗೊತ್ತು. ನಿಮ್ಮ ಮನೆಯಲ್ಲೂ ಹಾಗೇ ಇದ್ದೀತು. ಅದರಲ್ಲೂ ನಮ್ಮ ಜಗಳೂರು ತಾಲ್ಲೂಕು ಎಂದರೆ ಮಳೆಯ ನಕ್ಷತ್ರಗಳೆಲ್ಲ ಮುಖ ತಿರುಗಿಸಿಕೊಂಡು ಹೋಗುವ ಸೀಮೆ. ಕೊಡ ಎಣಿಸಿ ನೀರು ಬಳಸಿದವರು ನಾವು.

ಅಂಥ ನಾನು 2024ರ ನವೆಂಬರಿನಲ್ಲಿ ಜಪಾನಿನ ಒಂದು ಬಿಸಿನೀರಿನ ಊರಿಗೆ ಹೋಗಿ, ಸ್ನಾನಕ್ಕೆಂದೇ ದುಡ್ಡು ಕೊಟ್ಟು ಒಂದು ರಾತ್ರಿ ಇದ್ದು ಬಂದೆ ಎಂದರೆ ನಗುತ್ತೀರೇನೋ. ಊರಲ್ಲಿ ನಕ್ಕರು ಕೂಡ. ‘ಮೈ ತೊಳ್ಯಾಕೆ ಅಷ್ಟು ದೂರ ಹೋಗಿದ್ರೇನಕ್ಕ?’ ಎಂದು ನಮ್ಮ ವಾರಗಿತ್ತಿ ಕೇಳಿದಳು.

ಮಗನಿಗೆ ಟೋಕಿಯೋದಲ್ಲಿ ಕಂಪ್ಯೂಟರ್ ಕೆಲಸ. ನಿಶಿ ಕಸಾಯಿ ಎಂಬ ಬಡಾವಣೆ. ಅಲ್ಲಿ ನಮ್ಮ ದೇಶದವರು ಎಷ್ಟು ಮಂದಿಯೆಂದರೆ ತೊಗರಿಬೇಳೆ, ಹುಣಸೆಹಣ್ಣಿಗೇನೂ ಬರವಿಲ್ಲ. ಸೊಸೆ ಶಿವಮೊಗ್ಗದ ಕಡೆಯವಳು. ಮೊಮ್ಮಗಳಿಗೆ ಐದು ವರ್ಷ. ದೀಪಾವಳಿಯ ನೀರು ತುಂಬುವ ಹಬ್ಬ ಮುಗಿಸಿಕೊಂಡು ನಾನೊಬ್ಬಳೇ ಹೊರಟೆ. ಯಜಮಾನರಿಗೆ ಮೆಕ್ಕೆಜೋಳದ ಒಕ್ಕಣೆ, ಎರಡು ಎಮ್ಮೆ, ಬರಲಿಲ್ಲ. ಹೋಗಿ ಎರಡು ವಾರಕ್ಕೆ ಮಗ ಹೇಳಿದ, ‘ಅವ್ವ, ನಿನ್ನ ಮಂಡಿನೋವಿಗೆ ಒಳ್ಳೇದು, ಕುಸಾತ್ಸು ಅಂತ ಊರಿದೆ, ಬಿಸಿನೀರು ನೆಲದಿಂದಾನೇ ಬರುತ್ತೆ, ಹೋಗಿ ಬರೋಣ.’ ನಾನು ಹೂಂ ಅಂದೆ. ನಮ್ಮ ಬದರಿಯಲ್ಲಿ, ಮಣಿಕರ್ಣದಲ್ಲಿ ಇಲ್ಲವೇ? ಸೀರೆ ಉಟ್ಟೇ ಒಂದು ಮುಳುಗು ಹಾಕಿ ಬಂದರಾಯಿತು ಎಂದುಕೊಂಡಿದ್ದೆ.

ರೈಲಿನಲ್ಲಿ ಕೂತ ಮೇಲೆ ಸೊಸೆ ಮೆಲ್ಲಗೆ ಬಾಯಿ ಬಿಟ್ಟಳು. ಅಲ್ಲಿ ಸೀರೆಯಿಲ್ಲ, ಲಂಗವಿಲ್ಲ, ಈಜುವ ಬಟ್ಟೆಯೂ ನಡೆಯುವುದಿಲ್ಲ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ, ಅದೇನೋ ಸರಿ. ಆದರೆ ಹೆಂಗಸರೆಲ್ಲ ಒಂದೇ ಕೊಳದಲ್ಲಿ, ಹುಟ್ಟಿದಾಗ ಹೇಗಿದ್ದರೋ ಹಾಗೆ! ನನ್ನ ಎದೆ ಧಸಕ್ಕೆಂದಿತು.

ಧಸಕ್ಕೆನ್ನುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ, ಸೋದರಿಯರೇ. 2015ರಲ್ಲಿ ನನ್ನ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡು, ದಾವಣಗೆರೆಯಲ್ಲಿ ಪರೀಕ್ಷೆಯಾಗಿ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಆ ಎದೆಯನ್ನೇ ತೆಗೆದುಬಿಟ್ಟರು. ಊರಿನವರಿಗೆ ಗರ್ಭಕೋಶದ ಆಪರೇಷನ್ ಎಂದು ಹೇಳಿದೆವು. ರವಿಕೆಯೊಳಗೆ ಹತ್ತಿ ಇಟ್ಟು ನಾನೇ ಹೊಲಿದುಕೊಂಡೆ. ಅವತ್ತಿನಿಂದ ಬಚ್ಚಲ ಬಲ್ಬು ಆರಿಸಿ ಮೈಮೇಲೆ ನೀರು ಹುಯ್ದುಕೊಳ್ಳುವುದು ಅಭ್ಯಾಸವಾಗಿ ಹೋಯಿತು. ಹೀಗೆ ಒಂಬತ್ತು ವರ್ಷ. ಮದುವೆಯಾಗಿ ಬಂದ ಸೊಸೆಗೂ ನಾನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಕುಸಾತ್ಸುವಿಗೆ ರೈಲಿಲ್ಲ. ಟೋಕಿಯೋದ ಉಎನೋ ಸ್ಟೇಷನ್ನಿಂದ ಎರಡೂವರೆ ತಾಸು ರೈಲು, ಆಮೇಲೆ ಅರ್ಧ ತಾಸಿಗೆ ಸ್ವಲ್ಪ ಕಮ್ಮಿ ಬಸ್ಸು. ಗುನ್ಮಾ ಎಂಬ ಪ್ರಾಂತ್ಯ. ಸಮುದ್ರಮಟ್ಟಕ್ಕೆ 1,200 ಮೀಟರ್ ಎತ್ತರ. ಬಸ್ಸಿಳಿಯುತ್ತಲೇ ಒಂದು ವಾಸನೆ ಬಂತು. ದೀಪಾವಳಿ ಮಾರನೆಯ ದಿನ ಅಂಗಳದಲ್ಲಿ ಸುಟ್ಟ ಪಟಾಕಿಯ ವಾಸನೆ ಇರುತ್ತದಲ್ಲ, ಅದೇ. ಗಂಧಕ!

ಊರ ನಡುವೆ ಇರುವುದಕ್ಕೆ ಯುಬತಾಕೆ ಎಂದು ಹೆಸರು. ಯು ಎಂದರೆ ಬಿಸಿನೀರು, ಹತಾಕೆ ಎಂದರೆ ಹೊಲ. ಬಿಸಿನೀರಿನ ಹೊಲ! ಹೆಸರು ಕೇಳಿಯೇ ನಾನು ಅರ್ಧ ಸೋತೆ. ಕಲ್ಲಿನ ಕಟಕಟೆಯೊಳಗೆ ನೆಲದಿಂದ ನೀರು ಕುದಿಕುದಿದು ಬರುತ್ತದೆ, ಮಿನಿಟಿಗೆ 4,000 ಲೀಟರ್. ನಮ್ಮೂರಿಗೆ ಬೇಸಿಗೆಯಲ್ಲಿ ಬರುವ ಟ್ಯಾಂಕರಿಗೆ ಒಂದು ಮಿನಿಟು, ಮೇಲೊಂದಿಷ್ಟು ಸೆಕೆಂಡು ಸಾಕು! ಇಡೀ ಊರಿನದು ಸೇರಿದರೆ ಮಿನಿಟಿಗೆ 32,000 ಲೀಟರಿಗೂ ಮೇಲು. ಯಂತ್ರವಿಲ್ಲದೆ ತಾನಾಗಿ ಹೊಮ್ಮುವ ನೀರಿನಲ್ಲಿ ಜಪಾನಿಗೇ ಮೊದಲನೆಯದಂತೆ. ನಾನು ಕಟಕಟೆ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಮೊಮ್ಮಗಳು ಸೆರಗು ಎಳೆದಳು, ‘ಅಜ್ಜಿ, ಯಾಕೆ ಅಳ್ತೀಯ?’ ಹಬೆ ಕಣ್ಣಿಗೆ ಬಂತು ಅಂದೆ. ತುಂಗಭದ್ರೆಯ ನೀರು ತಂದು ನಮ್ಮ ತಾಲ್ಲೂಕಿನ 57 ಕೆರೆ ತುಂಬಿಸುತ್ತೇವೆಂಬ ಯೋಜನೆಯ ಮಾತು ಕೇಳಿ ಕೇಳಿ ತಲೆ ನರೆತವಳು ನಾನು. ಇಲ್ಲಿ ಯಾರೂ ಕೇಳದೆ ಸುರಿಯುತ್ತಿದೆ.

ಆ ನೀರು ನೆಲದಿಂದ ಬರುವಾಗ 50 ಡಿಗ್ರಿಗೂ ಮೇಲೆ ಬಿಸಿ. ಮೈಮೇಲೆ ಬಿದ್ದರೆ ಬೊಬ್ಬೆ. ತಣ್ಣೀರು ಬೆರೆಸಿಕೊಂಡರಾಗದೇ ಎಂದು ನಮಗೆ ಅನ್ನಿಸುತ್ತದೆ. ಬೆರೆಸಿದರೆ ಗುಣ ಹೋಗುತ್ತದೆಂದು ಅವರು ಬೆರೆಸುವುದಿಲ್ಲ. ಮರದ ಉದ್ದುದ್ದ ದೋಣಿಗಳಲ್ಲಿ ಹರಿಸಿ ಆರಿಸುತ್ತಾರೆ. ದೋಣಿಯ ತಳದಲ್ಲಿ ಕೂರುವ ಹಳದಿ ಗಂಧಕದ ಪುಡಿಗೆ ಅವರು ಬಿಸಿನೀರಿನ ಹೂವು ಎನ್ನುತ್ತಾರೆ. ಕೆರೆದು ಒಣಗಿಸಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಅಲ್ಲಿಗೆ ಬೆಳೆಯೂ ಬಂದಂತಾಯಿತು! ಇನ್ನೊಂದು ಕಡೆ ಹೆಂಗಸರು ಸಾಲಾಗಿ ನಿಂತು ಆಳೆತ್ತರದ ಹಲಗೆಗಳಿಂದ ಕೊಳದ ನೀರನ್ನು ಮಗುಚುತ್ತ, ಹಾಡುತ್ತ ಆರಿಸುತ್ತಾರೆ. ಪಾಯಸ ಕದಡಿದ ಹಾಗೆ. ಈಗದು ನೋಡುವವರಿಗಾಗಿ ಆಟವಾಗಿದೆ, ಟಿಕೇಟು ಬೇರೆ. ಹಿಂದೆ ನಿಜವಾದ ಕೆಲಸವಾಗಿತ್ತು. 1876ರಲ್ಲಿ ಟೋಕಿಯೋಕ್ಕೆ ಪಾಠ ಹೇಳಲು ಬಂದ ಎರ್ವಿನ್ ಬೆಲ್ಟ್ಸ್ ಎಂಬ ಜರ್ಮನ್ ಡಾಕ್ಟರು ಈ ನೀರನ್ನು ಹೊಗಳಿ ಹೊರದೇಶಕ್ಕೆಲ್ಲ ಹೆಸರು ಹಬ್ಬಿಸಿದರು.

ನೀರು ಹುಳಿ, ನಿಂಬೆರಸದಷ್ಟೇ ಹುಳಿಯೆಂದರೂ ತಪ್ಪಿಲ್ಲ. ಕಬ್ಬಿಣದ ಮೊಳೆ ಹಾಕಿಟ್ಟರೆ ದಿನ ಕಳೆದಂತೆ ಕರಗಿ ಸೂಜಿಯಾಗುತ್ತದೆ. ಹೊಳೆಗೆ ಸೇರಿದರೆ ಮೀನು ಬದುಕುವುದಿಲ್ಲ, ಗದ್ದೆ ಹಾಳು, ಸಿಮೆಂಟಿನ ಸೇತುವೆಯೂ ಸವೆಯುತ್ತದೆ. ಅದಕ್ಕೆಂದು 1964ರಿಂದ ಹಗಲು ರಾತ್ರಿ ಹೊಳೆಗೆ ಸುಣ್ಣದ ನೀರು ಬಿಡುತ್ತಿದ್ದಾರೆ. ಇದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು ಅಂತಿಟ್ಟುಕೊಳ್ಳಿ. ಅತಿಯಾಗಿ ನೀರು ಕೊಟ್ಟ ದೇವರು ಅದರಲ್ಲೊಂದು ತೊಡಕನ್ನೂ ಇಟ್ಟಿದ್ದಾನೆ.

ನಾವು ಇಳಿದುಕೊಂಡದ್ದು ರ್ಯೋಕಾನ್ ಎಂದು ಕರೆಯುವ ಹಳೇ ರೀತಿಯ ವಸತಿಗೃಹ. ಈ ಪದ್ಧತಿ ಎಷ್ಟು ಹಳೆಯದೆಂದರೆ, ಯಮಾನಾಶಿ ಪ್ರಾಂತ್ಯದಲ್ಲಿ ಕ್ರಿ.ಶ. 705ರಲ್ಲಿ ಶುರುವಾದ ಒಂದು ಗೃಹ ಇಂದಿಗೂ ನಡೆಯುತ್ತಿದೆ. ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. ಆಗ ನಮ್ಮಲ್ಲಿ ಬಾದಾಮಿ ಚಾಲುಕ್ಯರ ವಿಜಯಾದಿತ್ಯ ಆಳುತ್ತಿದ್ದ! ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಇದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಳಗೆ ಓಡಾಡಲು ಅವರದೇ ಚಪ್ಪಲಿ, ಚಾಪೆ ಹಾಸಿದ ಕೋಣೆಗೆ ಅದೂ ಇಲ್ಲ, ಪಾಯಿಖಾನೆಗೆ ಇನ್ನೊಂದು ಜೊತೆ. ಆ ಜೊತೆಯನ್ನು ಹಾಕಿಕೊಂಡೇ ನಾನು ಈಚೆ ಬಂದು ಮೊಮ್ಮಗಳ ಕೈಲಿ ಬೈಸಿಕೊಂಡೆ.

ಮನೆಯೊಡತಿಗೆ ಒಕಾಮಿ ಎನ್ನುತ್ತಾರೆ. ಇಂಥ ಗೃಹಗಳ ಯಜಮಾನಿಕೆ ಬಹಳ ಕಡೆ ಹೆಂಗಸರ ಕೈಯಲ್ಲಿದೆ. ನನ್ನ ವಾರಿಗೆಯವಳೇ ಇರಬೇಕು. ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿದಳು. ನನಗೆ ಸಂಕೋಚವಾಗಿ ನಾನೂ ಬಾಗಿದೆ. ಅವಳು ಮತ್ತೆ ಬಾಗಿದಳು. ಮಗ ಬಂದು ಬಿಡಿಸಬೇಕಾಯಿತು. ಕೋಣೆಯಲ್ಲಿ ಕುರ್ಚಿ ಮಂಚ ಏನೂ ಇಲ್ಲ. ತತಾಮಿ ಚಾಪೆ, ಗಿಡ್ಡ ಮೇಜು, ಗೋಡೆಯ ಗೂಡಿನಲ್ಲಿ ಒಂದೇ ಒಂದು ಹೂವು. ಉಡಲು ಯುಕಾತಾ ಎಂಬ ಹತ್ತಿಬಟ್ಟೆಯ ನಿಲುವಂಗಿ ಕೊಟ್ಟರು. ಎಡ ಅಂಚು ಮೇಲೆ ಬರುವಂತೆ ಉಡಬೇಕು. ಬಲ ಅಂಚು ಮೇಲೆ ಬಂದರೆ ಅದು ಸತ್ತವರಿಗೆ ಉಡಿಸುವ ರೀತಿ! ಒಕಾಮಿಯೇ ನನ್ನದನ್ನು ಬಿಚ್ಚಿ ಸರಿಮಾಡಲು ಬಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಬಾಡಿಗೆ ಕೋಣೆಗಲ್ಲ, ತಲೆಗೆ. ಎರಡು ಹೊತ್ತಿನ ಊಟ ಸೇರಿ ತಲೆಗೆ 20 ಸಾವಿರ ಯೆನ್, ನಮ್ಮ ಹನ್ನೊಂದು ಹನ್ನೆರಡು ಸಾವಿರ ರೂಪಾಯಿ. ಮೇಲೆ ಸ್ನಾನದ ತೆರಿಗೆ ಬೇರೆ, ಸಾಮಾನ್ಯವಾಗಿ ತಲೆಗೆ 150 ಯೆನ್. ಸ್ನಾನಕ್ಕೂ ತೆರಿಗೆಯೇ! ಅಲ್ಲಿ 1948ರಿಂದ ಒಂದು ಕಾನೂನೂ ಇದೆ. ನೆಲದಿಂದ ಬರುವ ನೀರು 25 ಡಿಗ್ರಿ ಇದ್ದರೆ ಸಾಕು, ಅದು ಓನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆ. ಆ ಲೆಕ್ಕ ಹಿಡಿದರೆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ನೀರೂ ಓನ್ಸೆನ್ನೇ, ಏನಂತೀರಿ?

ಸಂಜೆ ಮಗ ಮೊಮ್ಮಗಳನ್ನು ಕರೆದುಕೊಂಡು ಹೊರಗೆ ಹೋದ. ಸೊಸೆ ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಮುಂದಿಟ್ಟಳು. ಒಳಗೆ ತೆಳುವಾದ, ಎದೆ ಮುಚ್ಚುವಷ್ಟು ಒಂದು ಬಟ್ಟೆ. ‘ಅತ್ತೆ, ಬೇಕಿದ್ರೆ ಇದು ಹಾಕ್ಕೊಳ್ಳಿ. ನೀರಿಗಿಳಿಯೋಕೆ ಒಪ್ತಾರೆ, ನಾನು ಮೊದಲೇ ಕೇಳಿದೀನಿ. ಬೇಡ ಅಂದ್ರೆ ಕೈಕಾಲು ತೊಳ್ಕೊಂಡು ಊಟ ಮಾಡಿ ಮಲಗೋಣ.’

ನನಗೆ ಬಂದದ್ದು ಸಿಟ್ಟು. ‘ನಿಂಗೆ ಯಾರು ಹೇಳಿದ್ರು?’ ಎಂದೆ.

‘ಮದುವೆಗೆ ಮುಂಚೇನೇ ಹೇಳಿದ್ರು ಅತ್ತೆ.’

ಮದುವೆಯಾದದ್ದು 2018ರಲ್ಲಿ. ಆರು ವರ್ಷ ಇವಳಿಗೆ ಗೊತ್ತಿತ್ತು! ನಾನು ಸೆರಗು ಸರಿಮಾಡಿಕೊಳ್ಳುವಾಗಲೆಲ್ಲ ಇವಳು ಬೇರೆ ಕಡೆ ನೋಡುತ್ತಿದ್ದಳಲ್ಲ, ಅದು ಅಹಂಕಾರವೆಂದು ನಾನು ತಿಳಿದಿದ್ದೆ. ತಂಗಿಯ ಹತ್ತಿರ ದೂರಿದ್ದೂ ಉಂಟು.

ಅವಳು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಎದೆಯ ಆಪರೇಷನ್ ಆದವರಿಗೆಂದೇ ಅಲ್ಲಿ ನ್ಯೂಯೊಕುಗಿ ಎಂಬ ಈ ಸ್ನಾನದ ಬಟ್ಟೆ ಮಾಡುತ್ತಾರೆ. ಸೋಪು ಉಳಿಯದಂತೆ ತೊಳೆದುಕೊಂಡರೆ ಅದನ್ನುಟ್ಟೇ ನೀರಿಗಿಳಿಯಬಹುದು. ಅಂಥವರನ್ನು ತಡೆಯಬೇಡಿ ಎಂದು ಸರ್ಕಾರದ ಆರೋಗ್ಯ ಇಲಾಖೆಯೇ ತಿಳಿಹೇಳಿದೆ. 2012ರಲ್ಲಿ ಪಿಂಕ್ ರಿಬ್ಬನ್ ಹೆಸರಿನಲ್ಲಿ ಹಲವು ರ್ಯೋಕಾನಿನವರು ಸೇರಿ ಒಂದು ಕೂಟ ಕಟ್ಟಿಕೊಂಡರು, ಇಂಥ ಹೆಂಗಸರು ಹಿಂಜರಿಯದೆ ಬಂದು ಸ್ನಾನ ಮಾಡಲೆಂದು. ಹಾಗೆಂದರೆ ನನ್ನ ಹಾಗೆ ಬಚ್ಚಲ ದೀಪ ಆರಿಸುವವರು ಅಲ್ಲಿಯೂ ಇದ್ದರೆಂದಾಯಿತು.

ಈಗ ತಮಾಷೆ ಕೇಳಿ. ನನ್ನ ಎದೆಗೆ ಒಪ್ಪಿದ ಆ ಗೃಹದವರು ನನ್ನ ಮುಂಗೈ ನೋಡಿ ಮುಖ ಮುಖ ನೋಡಿಕೊಂಡರು. ಹಚ್ಚೆ! ನಾನು ಹುಡುಗಿಯಾಗಿದ್ದಾಗ ನಮ್ಮವ್ವ ಹಾಕಿಸಿದ ಐದು ಚುಕ್ಕೆ. ಜಪಾನಿನಲ್ಲಿ ಹಚ್ಚೆಯೆಂದರೆ ಯಾಕುಝಾ ಎಂಬ ರೌಡಿ ಗುಂಪಿನವರ ಗುರುತು, ಅದಕ್ಕೇ ಬಹಳ ಸ್ನಾನಗೃಹಗಳಲ್ಲಿ ಒಳಗೆ ಬಿಡುವುದಿಲ್ಲ. 2013ರಲ್ಲಿ ನ್ಯೂಜಿಲೆಂಡಿನಿಂದ ಬಂದ ಮಾವೋರಿ ಹೆಂಗಸೊಬ್ಬರನ್ನು, ಮುಖದ ಮೇಲಿನ ಅವರ ಕುಲದ ಹಚ್ಚೆಯ ಕಾರಣಕ್ಕೆ ಹೊಕ್ಕೈಡೋದಲ್ಲಿ ಹೊರಗೆ ಕಳಿಸಿ ದೊಡ್ಡ ಸುದ್ದಿಯಾಗಿತ್ತಂತೆ. ನನಗೆ ಒಂದು ಅಂಟುಪಟ್ಟಿ ಕೊಟ್ಟರು, ಅಂಟಿಸಿಕೊಂಡೆ. ಬಿಳಿಚೋಡಿನ ರೌಡಿ!

ಮೊದಲು ಹೋದದ್ದು ಬಾಡಿಗೆಗೆ ಕೊಡುವ ಸಣ್ಣ ಮನೆಮಂದಿಯ ಬಚ್ಚಲಿಗೆ. ಒಳಗಿನಿಂದ ಅಗಳಿ ಹಾಕಿಕೊಳ್ಳಬಹುದು, ಮುಕ್ಕಾಲು ಗಂಟೆ ನಿಮ್ಮದೇ. ಬೆತ್ತದ ಬುಟ್ಟಿಯಲ್ಲಿ ಬಟ್ಟೆ ಇಡಬೇಕು, ಗಿಡ್ಡ ಮಣೆಯ ಮೇಲೆ ಕೂತು ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಳ್ಳಬೇಕು, ಆಮೇಲೇ ನೀರಿಗೆ. ತೊಟ್ಟಿ ಇರುವುದು ಕೊಳೆ ಕಳೆಯಲಿಕ್ಕಲ್ಲ, ಮೈ ಕಾಯಿಸಲಿಕ್ಕೆ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ. ಕೂದಲು ಎತ್ತಿ ಕಟ್ಟಬೇಕು, ಸಣ್ಣ ಟವಲು ನೀರಿಗೆ ತಾಗಬಾರದು, ತಲೆಯ ಮೇಲೆ ಮಡಚಿಟ್ಟುಕೊಳ್ಳಬೇಕು.

ಸೊಸೆ ಗೋಡೆ ಕಡೆ ತಿರುಗಿ ಕೂತಿದ್ದಳು. ನಾನು ಆ ಬಟ್ಟೆ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಅವಳು ತಿರುಗದೆಯೇ ಕೇಳಿದಳು, ‘ಬೆನ್ನು ತಿಕ್ಕಲಾ ಅತ್ತೆ?’

ನನ್ನ ಬೆನ್ನು ಯಾರಾದರೂ ತಿಕ್ಕಿ ಎಷ್ಟು ವರ್ಷವಾಗಿತ್ತು! ನಮ್ಮವ್ವ ಯುಗಾದಿಗೆ, ದೀಪಾವಳಿಗೆ ಎಣ್ಣೆ ಒತ್ತಿ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು, ಅಷ್ಟೇ. ಹೂಂ ಅಂದೆ. ತಿಕ್ಕಿದಳು. ತಿಕ್ಕುತ್ತ, ‘ಈಗ್ಲೂ ನೋವಿದೆಯಾ?’ ಎಂದಳು. ಗಾಯದ ಹತ್ತಿರ ಬರೇ ಜೋಮು, ನೋವಿಲ್ಲ, ಮಳೆಗಾಲದಲ್ಲಿ ಕೈ ಎಳೀತದೆ ಎಂದೆ. ಈ ಪ್ರಶ್ನೆಯನ್ನು ಡಾಕ್ಟರು ಬಿಟ್ಟರೆ ಯಾರೂ ನನ್ನನ್ನು ಕೇಳಿರಲಿಲ್ಲ. ನಮ್ಮ ಯಜಮಾನರೂ ಕೇಳಿಲ್ಲ. ಅವರದು ಕೆಟ್ಟ ಮನಸ್ಸಲ್ಲ, ಕೇಳಲು ಹೆದರಿಕೆ. ನಾನೇ ತಿರುಗಿದೆ. ಅವಳು ನೋಡಿದಳು. ಆಮೇಲೆ, ‘ನಂದೂ ನೋಡಿ’ ಎಂದು ಸಿಸೇರಿಯನ್ ಹೊಲಿಗೆ ತೋರಿಸಿದಳು. ಅಡ್ಡಾದಿಡ್ಡಿ ಹೊಲಿಗೆ. ‘ಬಾಣಂತನಕ್ಕೆ ಬಂದಾಗ ಹೇಳಬಾರದಿತ್ತೇನೇ, ಹಿಂಗೆ ಹೊಲಿದಿದ್ದಾರೆ ಅಂತ?’ ಎಂದು ನಾನು ಬೈದೆ. ಇಬ್ಬರೂ ನಕ್ಕೆವು. ಆ ಪೊಟ್ಟಣದ ಬಟ್ಟೆ ಒಣಗಿದ್ದು ಹಾಗೇ ಉಳಿಯಿತು.

ನೀರಿಗಿಳಿದರೆ ಮೊದಲ ಗಳಿಗೆ ಚುರುಚುರು, ಹುಳಿ ನೀರಲ್ಲವೇ. ಆಮೇಲೆ ಮೂಳೆಯೊಳಗಿನ ಚಳಿಯೆಲ್ಲ ಬಿಚ್ಚಿಕೊಂಡಂತೆ. ಎಡಗೈಯನ್ನು ಮಾತ್ರ ಹೊರಗೆ ಕಲ್ಲಿನ ಮೇಲೆ ಇಟ್ಟುಕೊಂಡಿದ್ದೆ. ಈ ಆಪರೇಷನ್ ಆದವರಿಗೆ ಹೆಚ್ಚು ಶಾಖ ತಗುಲಿದರೆ ಕೈ ಊದಿಕೊಳ್ಳಬಹುದು. ಹೋಗುವವರು ಡಾಕ್ಟರನ್ನು ಕೇಳಿಯೇ ಹೋಗಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರೂ ಅಷ್ಟೇ. ಹತ್ತು ಮಿನಿಟು ಸಾಕು, ಉಂಡ ಮೇಲೆ ಇಳಿಯಬೇಡಿ. ಮಂಡಿನೋವು? ಎರಡು ದಿನ ಹಗುರವಾಗಿತ್ತು, ಆಮೇಲೆ ತನ್ನ ಮನೆಗೆ ತಾನು ಬಂತು.

ಊಟದ ವಿಚಾರ ಹೇಳಲೇಬೇಕು. ಮೀನು, ಮಾಂಸ, ಮೊಟ್ಟೆ ಬೇಡವೆಂದು ಸೊಸೆ ಎರಡು ವಾರ ಮುಂಚೆಯೇ ಬರೆದಿದ್ದಳು. ಅಲ್ಲಿ ಬರೀ ತರಕಾರಿಯೆಂದರೂ ಸಾರಿಗೆ ಒಣಮೀನಿನ ತಿಳಿ ಹಾಕುತ್ತಾರೆ, ಅದನ್ನೂ ಬಿಡಿಸಿ ಹೇಳಬೇಕು. ನಮಗೆಂದು ಅಣಬೆ ಮತ್ತು ಸಮುದ್ರದ ಪಾಚಿಯ ತಿಳಿಯಲ್ಲಿ ಬೇರೆಯೇ ಅಡಿಗೆ ಮಾಡಿದ್ದರು. ಅಂಗೈಯಗಲದ ತಟ್ಟೆಗಳು ಹದಿನಾಲ್ಕು! ತೊಳೆಯುವವರ ಗತಿ ನೆನೆದು ನನಗೆ ಅಯ್ಯೋ ಅನ್ನಿಸಿತು. ಅಣಬೆಯ ಬಜ್ಜಿ ಚೆನ್ನಾಗಿತ್ತು. ಗಡ್ಡೆಯಿಂದ ಮಾಡುವ ಕೊನ್ಯಾಕು ಎಂಬುದು ಹಲ್ಲಿಗೆ ಸಿಗದೆ ಜಾರಿ ಹೋಗುತ್ತಿತ್ತು. ಖಾರವೆಂಬುದಿಲ್ಲ. ಅನ್ನಕ್ಕೆ ನಾನು ಒಯ್ದಿದ್ದ ಶೇಂಗಾ ಚಟ್ನಿಪುಡಿ ಕಲಸಿಕೊಂಡೆ. ಬಡಿಸುವ ಹುಡುಗಿ ಮೂಸಿ ನೋಡಿ ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಉಂಡು ಬರುವಷ್ಟರಲ್ಲಿ ಕೋಣೆಯಲ್ಲಿ ಹಾಸಿಗೆ ಹಾಸಿದ್ದರು, ನಾವು ಹಿಂದೆ ನಡುಮನೆಯಲ್ಲಿ ಸಾಲಾಗಿ ಹಾಸುತ್ತಿದ್ದೆವಲ್ಲ, ಹಾಗೇ.

ರಾತ್ರಿ ಒಕಾಮಿಯನ್ನು ಸೊಸೆಯ ಮೂಲಕ ಕೇಳಿದೆ, ‘ನೀವು ಸ್ನಾನ ಯಾವಾಗ ಮಾಡ್ತೀರಿ?’ ನಕ್ಕಳು. ಹಿಂದೆ ಜಪಾನಿನ ಮನೆಗಳಲ್ಲಿ ಒಂದೇ ತೊಟ್ಟಿಯ ನೀರಿಗೆ ಮೊದಲು ಯಜಮಾನ, ಗಂಡುಮಕ್ಕಳು, ಕಟ್ಟಕಡೆಗೆ ಸೊಸೆ ಇಳಿಯುತ್ತಿದ್ದಳಂತೆ. ಈಗಲೂ ತಾನು ಎಲ್ಲ ಅತಿಥಿಗಳಾದ ಮೇಲೇ ಎಂದಳು. ನನ್ನ ಹಂಡೆಯ ಕತೆ ಹೇಳಿದೆ. ಸೊಸೆ ಅದನ್ನು ಜಪಾನಿಯಲ್ಲಿ ಹೇಗೆ ಹೇಳಿದಳೋ, ಅವಳು ನನ್ನ ಕೈ ಹಿಡಿದುಕೊಂಡಳು.

ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಎಲ್ಲರೂ ಮಲಗಿದ್ದರು. ದೊಡ್ಡ ಬಚ್ಚಲು ನೋಡಿಯೇ ಬಿಡೋಣವೆಂದು, ಆ ಬಟ್ಟೆಯನ್ನು ತೆಗೆದುಕೊಂಡು ಒಬ್ಬಳೇ ಹೊರಟೆ. ನಿನ್ನೆ ಕಂಡ ದಾರಿಯಲ್ಲೇ ಹೋಗಿ ಪರದೆಗೆ ಕೈಹಾಕಿದವಳು ನಿಂತೆ. ಪರದೆ ಕೆಂಪಾಗಿರಲಿಲ್ಲ, ನೀಲಿ! ರಾತ್ರಿ ಬೆಳಗಾಗುವುದರೊಳಗೆ ಹೆಂಗಸರದನ್ನು ಗಂಡಸರಿಗೆ, ಗಂಡಸರದನ್ನು ಹೆಂಗಸರಿಗೆ ಬದಲಾಯಿಸಿಬಿಡುತ್ತಾರೆ, ಎಲ್ಲರೂ ಎರಡನ್ನೂ ಕಾಣಲೆಂದು. ದಾರಿ ನಂಬಬೇಡಿ, ಪರದೆ ನೋಡಿ. ಹೆಣ್ಣು ಎಂಬ ಅವರ ಅಕ್ಷರ, ಕಾಲು ಮಡಚಿ ಕೂತ ಹೆಂಗಸಿನ ಹಾಗೇ ಇರುತ್ತದೆ.

ಕೆಂಪು ಪರದೆಯೊಳಗೆ ಇಬ್ಬರು ಮುದುಕಿಯರಿದ್ದರು. ನಾನು ಬಟ್ಟೆ ಕಟ್ಟಿಕೊಂಡೇ ಇಳಿದೆ. ಇದ್ದದ್ದು ಹೇಳುತ್ತೇನೆ, ಅಷ್ಟು ಧೈರ್ಯ ಬಂದಿರಲಿಲ್ಲ. ಒಬ್ಬಾಕೆ ತಲೆಬಾಗಿ ಸ್ವಲ್ಪ ಸರಿದು ಜಾಗ ಕೊಟ್ಟಳು, ಅಷ್ಟೇ. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಅವರ ಕಡೆ ನೋಡಿದೆ, ತಪ್ಪೋ ಸರಿಯೋ. ಇಳಿಬಿದ್ದ ಮೈ, ಸುಕ್ಕು, ಒಬ್ಬಾಕೆಯ ಮಂಡಿಯ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತು. ಮಾಡು ಇಲ್ಲದ ಕಡೆ ಅಕ್ಕಿನುಚ್ಚಿನಂತೆ ಹಿಮ ಉದುರುತ್ತಿತ್ತು. ನೀರಿಗೆ ತಾಗಿದ್ದೇ ಮಾಯ. ನನ್ನ ಹಿಂದೆ ಬಾಗಿಲು ಬಡಿಯುವವರಿಲ್ಲ, ಒಲೆಯ ಮೇಲೆ ಹಾಲಿಟ್ಟಿಲ್ಲ. ಬೆರಳ ತುದಿಯೆಲ್ಲ ಸುಕ್ಕುಗಟ್ಟುವವರೆಗೆ ಕೂತೆ, ಹತ್ತು ಮಿನಿಟಿನ ನಿಯಮ ನಾನೇ ಮುರಿದೆ.

ಮೇಲೆ ಬಂದು ನೋಡಿದರೆ ಬೆಳ್ಳಿಯ ಕಾಲುಂಗುರ ಮಸಿಯಂತೆ ಕಪ್ಪಾಗಿತ್ತು! ಗಂಧಕದ ನೀರಿಗೆ ಬೆಳ್ಳಿ ಆಗದು, ತೆಗೆದಿಟ್ಟು ಇಳಿಯಿರಿ. ಊರಿಗೆ ಬಂದು ಹುಣಸೆಹಣ್ಣು ಹಾಕಿ ತಿಕ್ಕಿದೆ, ಸಂದಿಯಲ್ಲಿ ಇನ್ನೂ ಕಪ್ಪಿದೆ.

ನಮ್ಮಲ್ಲೂ ಪುತ್ತೂರು ತಾಲ್ಲೂಕಿನ ಇರ್ದೆಯ ಬಳಿ ಬೆಂದ್ರು ತೀರ್ಥವೆಂಬ ಬಿಸಿನೀರಿನ ಬುಗ್ಗೆಯಿದೆ, ನಾನಿನ್ನೂ ನೋಡಿಲ್ಲ. ಸೊಸೆ ಮುಂದಿನ ಸಲ ಬಂದಾಗ ಹೋಗೋಣವೆಂದಿದ್ದಾಳೆ. ಸೀರೆ ಉಟ್ಟೇ, ಮತ್ತೆ!

ಹೊರಡುವಾಗ ಒಕಾಮಿ ಬಸ್ಸು ತಿರುವು ದಾಟುವವರೆಗೂ ಬಾಗಿಯೇ ನಿಂತಿದ್ದಳು. ಬೀದಿಯಲ್ಲಿ ಬಿಸಿನೀರಿನ ಹಬೆಯಲ್ಲಿ ಬೇಯಿಸುವ ಮಂಜು ಎಂಬ ತಿಂಡಿ ಮಾರುತ್ತಾರೆ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಹೊರಗೆ ಹಿಟ್ಟು. ಥೇಟು ನಮ್ಮ ಕಡುಬು. ಮೂರು ದಿನಕ್ಕೆ ನನ್ನ ವಿಮಾನವಿತ್ತು, ಒಂದು ಡಬ್ಬಿ ತಂದೆ. ಬಿಳಿಚೋಡಿಗೆ ಬಂದ ರಾತ್ರಿ ನಮ್ಮ ಯಜಮಾನರು ಒಂದು ಬಾಯಿಗೆ ಹಾಕಿಕೊಂಡು, ‘ಹೂರಣಕ್ಕೆ ಬೆಲ್ಲ ಕಮ್ಮಿ ಆಗೈತಲ್ಲೇ’ ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ನಿನಗೆ ಕೈ ನೋವು ಹೆಂಗೈತೆ?’ ಎಂದರು. ಸೊಸೆ ಫೋನಿನಲ್ಲಿ ಏನು ಹೇಳಿದ್ದಳೋ!